ಊರಿನ ಬೋಟ್ ರ‍್ಯಾಂಪಿಗೆ ಸರ್ಕಾರದ ಅನುದಾನ: ಅಮೆರಿಕದ ಸಣ್ಣ ಊರುಗಳಿಗೊಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಯಾವುದೇ ಅಂಗಡಿಯಲ್ಲಿ ಗಾಳದ ಕೋಲನ್ನೋ, ರೀಲನ್ನೋ, ಒಂದು ಪೊಟ್ಟಣ ಕೊಕ್ಕೆಗಳನ್ನೋ ಕೊಂಡವರು ರಸೀದಿಯಲ್ಲಿ ಕಾಣಿಸದ ಒಂದು ತೆರಿಗೆಯನ್ನು ಆಗಲೇ ಕೊಟ್ಟಿರುತ್ತಾರೆ. ಈ ಸಾಮಾನುಗಳನ್ನು ತಯಾರಿಸುವವರು ಅಥವಾ ಆಮದು ಮಾಡಿಕೊಳ್ಳುವವರು ಸಾಮಾನ್ಯವಾಗಿ ಶೇ 10ರಷ್ಟು ಅಬಕಾರಿ ಸುಂಕವನ್ನು ಕೇಂದ್ರ ಸರ್ಕಾರಕ್ಕೆ ಕಟ್ಟುತ್ತಾರೆ. ಅದು ಕೊನೆಗೆ ಸಾಮಾನಿನ ಬೆಲೆಯಲ್ಲಿ ಸೇರಿಕೊಳ್ಳುತ್ತದೆ. ಮೋಟಾರು ದೋಣಿಗೆ ಪೆಟ್ರೋಲ್ ತುಂಬಿಸುವವರು ಕೊಡುವ ಇಂಧನ ತೆರಿಗೆಯೂ ಈ ಸುಂಕದ ಜೊತೆಗೇ ಒಂದು ಮೀಸಲು ನಿಧಿಗೆ ಹೋಗುತ್ತದೆ. ಕೆರೆಯಂಚಿನಲ್ಲಿ ದೋಣಿ ಇಳಿಸುವ ಕಾಂಕ್ರೀಟಿನ ಇಳಿಜಾರು (ಇದೇ ಬೋಟ್ ರ‍್ಯಾಂಪು), ನೀರಿನೊಳಕ್ಕೆ ಚಾಚಿದ, ಮಕ್ಕಳು ನಿಂತು ಗಾಳ ಹಾಕುವ ಮರದ ಪಿಯರ್, ಟ್ರೈಲರ್ ನಿಲ್ಲಿಸುವ ಅಂಗಳ, ಇವುಗಳಲ್ಲಿ ಎಷ್ಟೋ ಆ ಹಣದಿಂದಲೇ ಎದ್ದು ನಿಂತಿವೆ.

ದೊಡ್ಡ ಸರೋವರಗಳ (ಗ್ರೇಟ್ ಲೇಕ್ಸ್) ಸೀಮೆಯ ಒಂದು ಸಣ್ಣ ಊರಿನ ಉದ್ಯಾನ ಸಮಿತಿಯಲ್ಲಿ ನಾನು ಸ್ವಯಂಸೇವಕನಾಗಿ ಕೆಲಸ ಮಾಡುತ್ತ ಬಂದಿದ್ದೇನೆ. ಇಂಥ ಸಮಿತಿಗಳಲ್ಲಿ ಈಗ ನಮ್ಮ ಕನ್ನಡದವರೂ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ. ಇಂಜಿನಿಯರ್ ಎಂದು ಗೊತ್ತಾದ ಕೂಡಲೇ 'ಅನುದಾನದ ಅರ್ಜಿ ನೀವೇ ನೋಡಿಕೊಳ್ಳಿ' ಎಂದು ಕಡತವನ್ನು ನಮ್ಮ ಕಡೆಗೆ ಸರಿಸುತ್ತಾರೆ. ಹಾಗೆ ಕಡತ ಕೈಗೆ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅನುದಾನ ಕೊಡುವವರು ಕಾಂಕ್ರೀಟಿನ ಅಂದಾಜುಪಟ್ಟಿಗಿಂತ ಮೊದಲು ನೆಲ ಯಾರ ಹಿಡಿತದಲ್ಲಿದೆ, ಕಟ್ಟಿದ್ದನ್ನು ಮುಂದಿನ ವರ್ಷಗಳಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾರೆ. ಈ ಎರಡಕ್ಕೂ ಉತ್ತರ ಸಿದ್ಧವಿಲ್ಲದೆ ಅರ್ಜಿಯ ಮೊದಲ ಪುಟವನ್ನೂ ತುಂಬಬೇಡಿ.

ಹಣದ ಮೂಲವನ್ನು ಅರಿತುಕೊಳ್ಳಿ

1950ರ ಆಗಸ್ಟ್ 9ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಸಹಿ ಹಾಕಿದ ಕಾಯ್ದೆಯಿಂದ ಈ ವ್ಯವಸ್ಥೆ ಶುರುವಾಯಿತು. ಮಿಷಿಗನ್ನಿನ ಜಾನ್ ಡಿಂಗೆಲ್ ಮತ್ತು ಕೊಲೊರಾಡೊದ ಎಡ್ವಿನ್ ಜಾನ್ಸನ್ ಇದನ್ನು ಮಂಡಿಸಿದ್ದರಿಂದ ಇಂದಿಗೂ ಇದು ಡಿಂಗೆಲ್-ಜಾನ್ಸನ್ ಕಾಯ್ದೆ ಎಂದೇ ಪರಿಚಿತ. ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟ 1937ರ ಕಾಯ್ದೆ ಇದಕ್ಕೆ ಮಾದರಿಯಾಗಿತ್ತು. 1984ರಲ್ಲಿ ವಯೋಮಿಂಗಿನ ಮಾಲ್ಕಮ್ ವಾಲಪ್ ಮತ್ತು ಲೂಸಿಯಾನಾದ ಜಾನ್ ಬ್ರೋ ತಂದ ತಿದ್ದುಪಡಿ ಮೋಟಾರು ದೋಣಿಗಳ ಇಂಧನ ತೆರಿಗೆಯನ್ನೂ, ಆಮದಾಗುವ ವಿಹಾರ ದೋಣಿಗಳ ಮೇಲಿನ ಸುಂಕವನ್ನೂ ಇದೇ ನಿಧಿಗೆ ಸೇರಿಸಿತು. 2005ರಿಂದ ಇದಕ್ಕೆ 'ಸ್ಪೋರ್ಟ್ ಫಿಶ್ ರೆಸ್ಟೊರೇಷನ್ ಅಂಡ್ ಬೋಟಿಂಗ್ ಟ್ರಸ್ಟ್ ಫಂಡ್' ಎಂಬ ಹೆಸರಿದೆ. ಭಾರತದಲ್ಲಿ ಪೆಟ್ರೋಲ್, ಡೀಸೆಲ್ ಮೇಲಿನ ರಸ್ತೆ ಸೆಸ್ಸನ್ನು ರಸ್ತೆಗೆಂದು ತೆಗೆದಿರಿಸುವುದನ್ನು ನೆನೆದರೆ ನಮ್ಮವರಿಗೆ ಇದರ ತರ್ಕ ಬೇಗ ಹೊಳೆಯುತ್ತದೆ.

ಒಳನಾಡು ಇಲಾಖೆಗೆ ಸೇರಿದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್ ಈ ನಿಧಿಯಿಂದ ರಾಜ್ಯಗಳಿಗೆ ಪಾಲು ಹಂಚುತ್ತದೆ. ಹಂಚಿಕೆಯಲ್ಲಿ ಶೇ 60 ಭಾಗವನ್ನು ಹಣ ಕೊಟ್ಟು ಮೀನುಗಾರಿಕೆಯ ಪರವಾನಗಿ ಪಡೆದವರ ಸಂಖ್ಯೆಯೂ, ಶೇ 40 ಭಾಗವನ್ನು ರಾಜ್ಯದ ನೆಲ ಮತ್ತು ಜಲದ ವಿಸ್ತೀರ್ಣವೂ ನಿರ್ಧರಿಸುತ್ತವೆ. ಯಾವ ರಾಜ್ಯಕ್ಕೂ ಶೇ 5ಕ್ಕಿಂತ ಹೆಚ್ಚಾಗಲಿ ಶೇ 1ಕ್ಕಿಂತ ಕಡಿಮೆಯಾಗಲಿ ಸಿಗುವುದಿಲ್ಲ. ನಮ್ಮ ದೃಷ್ಟಿಯಿಂದ ಮುಖ್ಯವಾದ ನಿಯಮ ಇನ್ನೊಂದಿದೆ. ಹೀಗೆ ಬಂದ ಹಣದಲ್ಲಿ ಕನಿಷ್ಠ ಶೇ 15 ಭಾಗ ದೋಣಿ ಇಳಿಸುವ ಸೌಕರ್ಯಗಳಿಗೆ, ಅಂದರೆ 'ಬೋಟಿಂಗ್ ಆಕ್ಸೆಸ್'ಗೆ, ಹೋಗಬೇಕು. ಆದರೆ ಈ ಲೆಕ್ಕವನ್ನು ಒಂದೊಂದು ರಾಜ್ಯಕ್ಕೂ ವರ್ಷ ವರ್ಷವೂ ಹಾಕುವುದಿಲ್ಲ. ಸರ್ವಿಸ್‌ನ ಒಂದು ಪ್ರಾದೇಶಿಕ ವಿಭಾಗದ ರಾಜ್ಯಗಳನ್ನೆಲ್ಲ ಸೇರಿಸಿ, ಐದು ವರ್ಷಗಳ ಸರಾಸರಿಯಲ್ಲಿ ನೋಡುತ್ತಾರೆ. ಆದ್ದರಿಂದ ನಿಮ್ಮ ರಾಜ್ಯದಲ್ಲಿ ಈ ವರ್ಷ ಹಣ ಬಿಗಿಯಾಗಿದ್ದರೆ ಮುಂದಿನ ವರ್ಷವೂ ಹಾಗೆಯೇ ಇರುತ್ತದೆ ಎಂದು ಕೈಚೆಲ್ಲಬೇಡಿ.

ಯಾವ ಬಾಗಿಲನ್ನು ತಟ್ಟಬೇಕು

ಕೇಂದ್ರ ಸರ್ಕಾರದ ಈ ಹಣಕ್ಕೆ ಊರಿನ ಆಡಳಿತ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ. ಹಣ ಬರುವುದು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಗೆ. ಊರು, ಕೌಂಟಿ, ಬಂದರು ಮಂಡಳಿಗಳು ಆ ಇಲಾಖೆಯ ಉಪ ಅನುದಾನಿತರಾಗುತ್ತವೆ. ಕೇಂದ್ರದ ಪಾಲು ಹೆಚ್ಚೆಂದರೆ ಯೋಜನಾ ವೆಚ್ಚದ ಶೇ 75. ಉಳಿದ ಶೇ 25ನ್ನು ರಾಜ್ಯ ಅಥವಾ ಊರು ಹೊರಬೇಕು.

ಇದರ ಜೊತೆಗೆ ಕೆಲವು ರಾಜ್ಯಗಳು ತಮ್ಮದೇ ಬೊಕ್ಕಸದಿಂದಲೂ ಕೊಡುತ್ತವೆ. ವಾಷಿಂಗ್ಟನ್ ರಾಜ್ಯದ ಮತದಾರರು 1964ರಲ್ಲಿ ಇನಿಷಿಯೇಟಿವ್ 215 ಎಂಬ, ಜನರೇ ಮುಂದಿಟ್ಟ ಪ್ರಸ್ತಾವವನ್ನು ಒಪ್ಪಿ, ದೋಣಿ ನಡೆಸುವವರು ಕೊಟ್ಟ ಇಂಧನ ತೆರಿಗೆ ದೋಣಿ ಸೌಕರ್ಯಗಳಿಗೇ ಮರಳುವಂತೆ ಮಾಡಿದರು. ಅಲ್ಲಿ ರಿಕ್ರಿಯೇಷನ್ ಅಂಡ್ ಕನ್ಸರ್ವೇಷನ್ ಆಫೀಸ್ ಅದನ್ನು ಹಂಚುತ್ತದೆ. ಆರೆಗನ್ನಿನಲ್ಲಿ ಸ್ಟೇಟ್ ಮರೀನ್ ಬೋರ್ಡ್, ಕ್ಯಾಲಿಫೋರ್ನಿಯಾದಲ್ಲಿ ಡಿವಿಷನ್ ಆಫ್ ಬೋಟಿಂಗ್ ಅಂಡ್ ವಾಟರ್‌ವೇಸ್, ವಿಸ್ಕಾನ್ಸಿನ್ನಿನಲ್ಲಿ ವಾಟರ್‌ವೇಸ್ ಕಮಿಷನ್, ಫ್ಲಾರಿಡಾದಲ್ಲಿ ಬೋಟಿಂಗ್ ಇಂಪ್ರೂವ್‌ಮೆಂಟ್ ಪ್ರೋಗ್ರಾಮ್ ಇವೆ. ಹೆಸರುಗಳೂ ಕೊನೆಯ ದಿನಾಂಕಗಳೂ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಯಾವ ಯೋಜನೆ ಯಾವ ಕೆಲಸಕ್ಕೆ ಎಂಬುದನ್ನು ಇಲ್ಲಿಯೇ ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ತಪ್ಪು ಯೋಜನೆಗೆ ಹೋದ ಒಳ್ಳೆಯ ಅರ್ಜಿಗೂ ಫಲವಿಲ್ಲ. ಟ್ರೈಲರಿನಿಂದ ದೋಣಿ ಇಳಿಸುವ ರ‍್ಯಾಂಪಿಗೆ ಮೇಲೆ ಹೇಳಿದ ಬೋಟಿಂಗ್ ಆಕ್ಸೆಸ್ ಹಣ ಸರಿಹೊಂದುತ್ತದೆ. ಆ ಹಣದಲ್ಲಿ ಕಟ್ಟಿದ ತಾಣ ಸಾಮಾನ್ಯ ಅಶ್ವಶಕ್ತಿಯ ಮೋಟಾರು ದೋಣಿಗಳಿಗೆ ಅವಕಾಶ ಕೊಡಬೇಕೆಂಬ ನಿಯಮವಿದೆ. ಮೋಟಾರನ್ನು ಪೂರ್ತಿ ನಿಷೇಧಿಸಿರುವ ಕೆರೆಯಲ್ಲಿ ಕಯಾಕ್ ಇಳಿಸುವ ಕಟ್ಟೆಯೊಂದೇ ನಿಮ್ಮ ಆಸೆಯಾಗಿದ್ದರೆ ಬೇರೆ ಮೂಲ ಹುಡುಕುವುದು ಲೇಸು. ದೂರದಿಂದ ಬಂದು ತಂಗಿ ಹೋಗುವ 26 ಅಡಿ ಅಥವಾ ಅದಕ್ಕೂ ಉದ್ದದ ದೋಣಿಗಳಿಗೆ ನಿಲುಗಡೆ ಬೇಕಿದ್ದರೆ 1998ರ ಕಾಯ್ದೆಯಿಂದ ಬಂದ ಬೋಟಿಂಗ್ ಇನ್‌ಫ್ರಾಸ್ಟ್ರಕ್ಚರ್ ಗ್ರಾಂಟ್ ಇದೆ. ಅಲ್ಲಿ ಒಂದು ದೋಣಿ 15 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಅಂದರೆ ಊರಿನವರ ಕಾಯಂ ನಿಲುಗಡೆಗೆ ಆ ಹಣ ಸಲ್ಲದು. ದೋಣಿಯ ಶೌಚದ ತೊಟ್ಟಿಯನ್ನು ಖಾಲಿ ಮಾಡುವ ಪಂಪ್‌ಔಟ್ ಕೇಂದ್ರಕ್ಕೆ 1992ರ ಕ್ಲೀನ್ ವೆಸೆಲ್ ಕಾಯ್ದೆಯ ಹಣವಿದೆ.

ರ‍್ಯಾಂಪಿನ ಜೊತೆಗೆ ಉದ್ಯಾನ, ಕಾಲುದಾರಿ, ಆಟದ ಬಯಲು ಎಲ್ಲ ಸೇರಿದ ದೊಡ್ಡ ಯೋಜನೆಯಾದರೆ ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಷನ್ ಫಂಡನ್ನು ನೋಡಿ. ಕಡಲಾಳದ ತೈಲ ಮತ್ತು ಅನಿಲದ ವರಮಾನದಿಂದ ಬರುವ ಈ ನಿಧಿಗೆ 2020ರ ಕಾಯ್ದೆ ವರ್ಷಕ್ಕೆ 90 ಕೋಟಿ ಡಾಲರನ್ನು ಕಾಯಂ ಮಾಡಿದೆ. ಅದು ಅರ್ಧ ವೆಚ್ಚವನ್ನಷ್ಟೇ ಕೊಡುತ್ತದೆ. ಅದಕ್ಕೆ ಬಿಗಿಯಾದ ಒಂದು ಷರತ್ತೂ ಇದೆ: ಆ ಹಣ ತಾಗಿದ ಜಾಗ ಬಯಲು ವಿಹಾರಕ್ಕೇ ಶಾಶ್ವತವಾಗಿ ಮೀಸಲು. ಮುಂದೆ ಬೇರೆ ಬಳಕೆಗೆ ತಿರುಗಿಸಬೇಕೆಂದರೆ ಸಮಾನ ಬೆಲೆಯ, ಅಷ್ಟೇ ಉಪಯುಕ್ತವಾದ ಇನ್ನೊಂದು ಜಾಗವನ್ನು ಕೊಟ್ಟು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಒಪ್ಪಿಗೆ ಪಡೆಯಬೇಕು. ಊರಿನ ಮಂಡಳಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ, ನಡಾವಳಿಯಲ್ಲಿ ದಾಖಲಿಸಿ.

ನೆಲದ ಕಾಗದಪತ್ರ

ನಮ್ಮ ಮೊದಲ ಅರ್ಜಿ ಬಿದ್ದುಹೋದದ್ದು ಇಲ್ಲಿಯೇ. ನಕ್ಷೆ ಚೆನ್ನಾಗಿತ್ತು, ಊರಿನವರ ಬೆಂಬಲದ ಪತ್ರಗಳು ಇದ್ದವು, ಅಂದಾಜು ಸರಿಯಾಗಿತ್ತು. ಆದರೆ ರ‍್ಯಾಂಪಿನ ಕೆಳಭಾಗ ಬರುವ ಪಟ್ಟಿಯಷ್ಟು ನೆಲ ಒಂದು ಖಾಸಗಿ ಸಂಸ್ಥೆಯದಾಗಿತ್ತು, ಊರಿಗೆ ಅದು ಗುತ್ತಿಗೆಯಲ್ಲಿ ಬಂದಿತ್ತು, ಆ ಗುತ್ತಿಗೆ ಮುಗಿಯಲು ಆರೇ ವರ್ಷ ಉಳಿದಿತ್ತು. ಸರ್ವೆಯ ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಆ ದಿನಾಂಕವನ್ನು ನಾವ್ಯಾರೂ ಓದಿರಲಿಲ್ಲ. ಪರಿಶೀಲನೆ ಮಾಡಿದವರು ಓದಿದರು. ಇಪ್ಪತ್ತು ವರ್ಷ ಬಾಳುವ ಕಾಂಕ್ರೀಟನ್ನು ಆರು ವರ್ಷದ ಹಕ್ಕಿನ ಮೇಲೆ ಕಟ್ಟಲು ಸಾರ್ವಜನಿಕ ಹಣ ಕೊಡುವುದು ಸಾಧ್ಯವಿಲ್ಲ ಎಂದು ಅವರು ಹೇಳಿದಾಗ ವಾದಿಸಲು ನಮ್ಮ ಬಳಿ ಏನೂ ಇರಲಿಲ್ಲ. ತಪ್ಪು ಪೂರ್ತಿ ನಮ್ಮದು.

ಆದ್ದರಿಂದ ಕಟ್ಟಡದ ಉಪಯುಕ್ತ ಆಯಸ್ಸಿನುದ್ದಕ್ಕೂ ನೆಲ ನಿಮ್ಮ ಹಿಡಿತದಲ್ಲಿ ಇರುತ್ತದೆ ಎಂಬುದನ್ನು ಕ್ರಯಪತ್ರ, ದೀರ್ಘ ಗುತ್ತಿಗೆ ಅಥವಾ ನೋಂದಾಯಿತ ದಾರಿಹಕ್ಕಿನ ಪತ್ರದಿಂದ ತೋರಿಸಬೇಕು. ದಡದ ನೆಲ ಊರಿನದಾಗಿದ್ದರೂ ನೀರಿನಡಿಯ ನೆಲ ಎಷ್ಟೋ ಕಡೆ ರಾಜ್ಯದ್ದಾಗಿರುತ್ತದೆ. ಅದಕ್ಕೆ ಬೇರೆಯೇ ಒಪ್ಪಿಗೆ ಬೇಕು. ಮುಖ್ಯರಸ್ತೆಯಿಂದ ರ‍್ಯಾಂಪಿನವರೆಗಿನ ದಾರಿ ಯಾರದ್ದೋ ಹೊಲದ ಅಂಚಿನಲ್ಲಿ 'ಹಿಂದಿನಿಂದಲೂ ಬಿಟ್ಟುಬಂದ' ದಾರಿಯಾಗಿದ್ದರೆ, ಬಾಯಿಮಾತನ್ನು ನಂಬದೆ ಅದನ್ನೂ ಕಾಗದಕ್ಕೆ ಇಳಿಸಿ. ನಾವು ಆ ಸಂಸ್ಥೆಯೊಡನೆ ಕುಳಿತು ಗುತ್ತಿಗೆಯನ್ನು 30 ವರ್ಷಕ್ಕೆ ಹೊಸದಾಗಿ ಬರೆಸಿಕೊಂಡೆವು. ಅದಕ್ಕೆ ಒಂದು ಪೂರ್ತಿ ಚಳಿಗಾಲ ಹಿಡಿಯಿತು.

ಬಳಕೆಯ ಲೆಕ್ಕ

'ವಾರಾಂತ್ಯದಲ್ಲಿ ತುಂಬಾ ನೂಕುನುಗ್ಗಲು' ಎಂದು ಬರೆದರೆ ಅರ್ಜಿ ತೂಗುವವರಿಂದ ಅಂಕ ಸಿಗುವುದಿಲ್ಲ. ಜೂನ್ ತಿಂಗಳ ಒಂದು ಶನಿವಾರ ನಸುಕಿನ ಐದು ಗಂಟೆಗೆ ನಾವಿಬ್ಬರು ನೋಟ್‌ಬುಕ್ ಹಿಡಿದು ಹಳೆಯ ರ‍್ಯಾಂಪಿನ ತಲೆಯಲ್ಲಿ ಕುಳಿತೆವು. ಬಂದ ಪ್ರತಿ ಟ್ರೈಲರಿನ ಸಮಯ, ದೋಣಿಯ ಅಂದಾಜು ಉದ್ದ, ನಂಬರ್ ಫಲಕದ ರಾಜ್ಯ, ಸಾಲಿನಲ್ಲಿ ಕಾದ ನಿಮಿಷ, ಜಾಗವಿಲ್ಲದೆ ತಿರುಗಿ ಹೋದವರು, ಹೀಗೆ ಐದು ಕಲಮು ಎಳೆದಿದ್ದೆವು. ಏಳೂವರೆಯ ಹೊತ್ತಿಗೆ ಟ್ರೈಲರುಗಳು ರಸ್ತೆಬದಿಯ ಹುಲ್ಲಿನ ಮೇಲೆ ನಿಂತಿದ್ದವು. ಒಬ್ಬ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಬಂದು, ಗಾಡಿ ನಿಲ್ಲಿಸಲು ಜಾಗ ಸಿಗದೆ, ದೋಣಿಯನ್ನು ಇಳಿಸದೆಯೇ ಹೊರಟುಹೋದರು. ಮಗು ಹಿಂದಿನ ಕಿಟಕಿಯಿಂದ ನೀರನ್ನೇ ನೋಡುತ್ತಿತ್ತು. ಅದನ್ನು 'ತಿರುಗಿ ಹೋದವರು' ಎಂಬ ಕಲಮಿನಲ್ಲಿ ಒಂದು ಗೀಟಾಗಿ ಎಳೆದೆವು.

ಇಂಥ ಎಣಿಕೆಯನ್ನು ಕನಿಷ್ಠ ಎರಡು ವಾರಾಂತ್ಯ, ಎರಡು ವಾರದ ದಿನ ಮಾಡಿ, ಹವಾಮಾನವನ್ನೂ ಬರೆದಿಡಿ. ಸುತ್ತಮುತ್ತ ಇನ್ನೊಂದು ಸಾರ್ವಜನಿಕ ರ‍್ಯಾಂಪು ಎಷ್ಟು ಮೈಲಿ ದೂರದಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ. ದಡದಲ್ಲಿ ನಿಂತು ಗಾಳ ಹಾಕುವವರನ್ನು ಬಿಡದೆ ಎಣಿಸಿ, ಏಕೆಂದರೆ ದೋಣಿಯಿಲ್ಲದವರೂ ಇದೇ ಸುಂಕ ಕೊಟ್ಟವರು. ಪಿಯರ್ ಕಟ್ಟುವುದು ಯೋಜನೆಯಲ್ಲಿದ್ದರೆ ಅದರ ಸಮರ್ಥನೆ ಅವರಿಂದಲೇ ಬರಬೇಕು.

ನಕ್ಷೆಯಲ್ಲಿ ಎಚ್ಚರ ಎಲ್ಲಿರಬೇಕು

ಸ್ಟೇಟ್ಸ್ ಆರ್ಗನೈಸೇಷನ್ ಫಾರ್ ಬೋಟಿಂಗ್ ಆಕ್ಸೆಸ್ ಎಂಬ ಸಂಘಟನೆ ರ‍್ಯಾಂಪುಗಳ ವಿನ್ಯಾಸಕ್ಕೆ ಕೈಪಿಡಿ ಹೊರತಂದಿದೆ. ನಿಮ್ಮ ಇಂಜಿನಿಯರ್ ಸೇತುವೆ, ರಸ್ತೆಗಳಲ್ಲಿ ಎಷ್ಟೇ ಪಳಗಿದ್ದರೂ ಅದನ್ನು ಓದಲೇಬೇಕು. ಇಳಿಜಾರು ಸಾಮಾನ್ಯವಾಗಿ ಶೇ 12ರಿಂದ 15ರೊಳಗೆ ಇರಬೇಕು. ಅದಕ್ಕಿಂತ ಚಪ್ಪಟೆಯಾದರೆ ದೋಣಿ ತೇಲುವ ಮೊದಲೇ ಕಾರಿನ ಹಿಂದಿನ ಚಕ್ರ ನೀರಿಗೆ ಇಳಿಯುತ್ತದೆ. ಕಡಿದಾದರೆ ಒದ್ದೆ ಕಾಂಕ್ರೀಟಿನಲ್ಲಿ ಕಾರು ಮೇಲೆ ಬರಲು ಒದ್ದಾಡುತ್ತದೆ. ಮೇಲ್ಮೈಯಲ್ಲಿ ವಿ ಆಕಾರದ ಗೀರುಗಳನ್ನು ಓರೆಯಾಗಿ ಎಳೆಯುವುದು ಟೈರಿಗೆ ಹಿಡಿತ ಸಿಗಲಿ, ನೀರೂ ಕೆಸರೂ ಪಕ್ಕಕ್ಕೆ ಹರಿದುಹೋಗಲಿ ಎಂದು.

ರ‍್ಯಾಂಪಿನ ತುದಿ, ಅಂದರೆ ನೀರಿನೊಳಗೆ ಕಾಂಕ್ರೀಟು ಮುಗಿಯುವ ಜಾಗ, ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ನೀರು ಅತಿ ಕಡಿಮೆಯಿರುವ ಕಾಲದಲ್ಲೂ ಅಲ್ಲಿ ಸುಮಾರು 3ರಿಂದ 4 ಅಡಿ ಆಳ ಇರುವಷ್ಟು ಮುಂದಕ್ಕೆ ಅದನ್ನು ಒಯ್ಯಬೇಕು. ಮನೆಗೆ ಹೊರಟವರು ಎಂಜಿನ್ನಿನ ಜೋರಿನಿಂದಲೇ ದೋಣಿಯನ್ನು ಟ್ರೈಲರಿನ ಮೇಲೆ ಏರಿಸುವುದುಂಟು. ಆಗ ಪ್ರೊಪೆಲರಿನ ರಭಸಕ್ಕೆ ತುದಿಯಾಚೆಯ ಮಣ್ಣು ಕೊರೆದು ಗುಂಡಿ ಬೀಳುತ್ತದೆ, ಎದ್ದ ಮಣ್ಣು ಸ್ವಲ್ಪ ದೂರದಲ್ಲಿ ದಿಬ್ಬವಾಗುತ್ತದೆ. ಒಂದು ದಿನ ಟ್ರೈಲರಿನ ಚಕ್ರ ಆ ಗುಂಡಿಗೆ ಧೊಪ್ಪನೆ ಇಳಿಯುತ್ತದೆ, ಹಿಂದಕ್ಕೆ ಎಳೆದಾಗ ಕಾಂಕ್ರೀಟಿನ ಅಂಚಿಗೆ ಸಿಕ್ಕಿ ಆಕ್ಸಲ್ ಮುರಿಯುತ್ತದೆ. ತುದಿಯಲ್ಲಿ ದಪ್ಪ ಕಲ್ಲಿನ ಹಾಸನ್ನು ನಕ್ಷೆಯಲ್ಲಿಯೇ ತೋರಿಸಿ, ವೆಚ್ಚದಲ್ಲಿ ಸೇರಿಸಿ. ಅಂದಾಜನ್ನು ತಗ್ಗಿಸಬೇಕಾಗಿ ಬಂದಾಗ ಎಲ್ಲರೂ ಮೊದಲು ಕತ್ತರಿಸುವುದು ಈ ಕಲ್ಲನ್ನೇ. ನನ್ನ ಅಭಿಪ್ರಾಯದಲ್ಲಿ ಶೌಚಾಲಯದ ಹೊರಗೋಡೆಯ ಅಲಂಕಾರವನ್ನು ಬಿಡಬಹುದು, ಇದನ್ನು ಬಿಡುವಂತಿಲ್ಲ.

ಅಂಗವಿಕಲರ ಪ್ರವೇಶದ 2010ರ ಮಾನದಂಡಗಳು ದೋಣಿತಾಣಗಳಿಗೂ ಪಿಯರುಗಳಿಗೂ ಅನ್ವಯಿಸುತ್ತವೆ. ರ‍್ಯಾಂಪಿನ ಪಕ್ಕದಲ್ಲಿ ಹತ್ತಿ ಇಳಿಯುವ ಪಿಯರುಗಳನ್ನು ಹಾಕಿದರೆ ಅವುಗಳಲ್ಲಿ ಶೇ 5ರಷ್ಟು, ಕನಿಷ್ಠ ಒಂದಾದರೂ, ಗಾಲಿಕುರ್ಚಿ ತಲುಪುವಂತಿರಬೇಕು. ಗಾಳ ಹಾಕುವ ಪಿಯರಿಗೆ ಕಟಕಟೆ ಇದ್ದರೆ ಅದರ ಶೇ 25 ಭಾಗ 34 ಅಂಗುಲಕ್ಕಿಂತ ಎತ್ತರವಿರಬಾರದು. ಗಾಲಿಕುರ್ಚಿಯಲ್ಲಿ ಕುಳಿತವರು ಆ ತಗ್ಗು ಕಟಕಟೆಯ ಮೇಲೆ ಮೊಣಕೈ ಊರಿ ಕೋಲನ್ನು ನೀರಿನತ್ತ ಚಾಚುವುದನ್ನು ನೋಡಿದರೆ ಈ ಅಂಗುಲದ ಲೆಕ್ಕ ಏಕೆಂದು ಯಾರೂ ಕೇಳುವುದಿಲ್ಲ.

ಅನುಮತಿಗಳು

ನೀರಿನಲ್ಲಿ ಒಂದು ಬುಟ್ಟಿ ಕಲ್ಲು ಸುರಿಯುವುದಕ್ಕೂ ಅನುಮತಿ ಬೇಕಾಗಬಹುದು. ನೌಕಾಯಾನಕ್ಕೆ ಯೋಗ್ಯವಾದ ನೀರಿನಲ್ಲಿ ಕಟ್ಟಡ ಎಬ್ಬಿಸಲು 1899ರ ರಿವರ್ಸ್ ಅಂಡ್ ಹಾರ್ಬರ್ಸ್ ಕಾಯ್ದೆಯ 10ನೇ ವಿಧಿಯಡಿಯೂ, ಕಲ್ಲುಮಣ್ಣು ತುಂಬಲು ಕ್ಲೀನ್ ವಾಟರ್ ಕಾಯ್ದೆಯ 404ನೇ ವಿಧಿಯಡಿಯೂ ಸೇನೆಯ ಇಂಜಿನಿಯರಿಂಗ್ ವಿಭಾಗವಾದ ಆರ್ಮಿ ಕಾರ್ಪ್ಸ್ ಆಫ್ ಇಂಜಿನಿಯರ್ಸ್ ಒಪ್ಪಬೇಕು. ಹಣ ಕೇಂದ್ರದ್ದಾದ್ದರಿಂದ ಪರಿಸರ, ಅಳಿವಿನಂಚಿನ ಜೀವಿಗಳು, ಪುರಾತನ ನೆಲೆಗಳು ಈ ಮೂರರ ಪರಿಶೀಲನೆಯೂ ನಡೆಯುತ್ತದೆ. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ನೀರಿನೊಳಗಿನ ಕೆಲಸಕ್ಕೆ ತಡೆ ಇರುವುದು ಸಾಮಾನ್ಯ. ಉತ್ತರದ ರಾಜ್ಯಗಳಲ್ಲಿ ಹಿಮಗಾಲವೂ ಸೇರಿದರೆ ವರ್ಷದಲ್ಲಿ ಕೆಲಸಕ್ಕೆ ಉಳಿಯುವುದು ಕೆಲವೇ ವಾರ. ಅರ್ಜಿಯಲ್ಲಿನ ಕಾಲಪಟ್ಟಿಯನ್ನು ಈ ವಾರಗಳಿಂದ ಹಿಂದಕ್ಕೆ ಎಣಿಸಿ ತಯಾರಿಸಿ.

ಊರಿನ ಪಾಲು

ಶೇ 25 ಎಂದರೆ ಪೂರ್ತಿ ನಗದಾಗಿಯೇ ಇರಬೇಕೆಂದಿಲ್ಲ. ದಾನವಾಗಿ ಬಂದ ನೆಲದ ಬೆಲೆ, ಸಾಮಗ್ರಿ, ಸ್ವಯಂಸೇವಕರ ದುಡಿಮೆಯ ಗಂಟೆಗಳು, ಊರಿನ ಯಂತ್ರಗಳ ಬಳಕೆ, ಇವನ್ನೂ ರಾಜ್ಯದ ಯೋಜನೆ ಒಪ್ಪಿದರೆ ಲೆಕ್ಕಕ್ಕೆ ಹಿಡಿಯಬಹುದು. ಆದರೆ ಒಬ್ಬೊಬ್ಬರ ಹೆಸರು, ದಿನಾಂಕ, ಗಂಟೆ, ಮಾಡಿದ ಕೆಲಸ ಮತ್ತು ಸಹಿ ಇರುವ ಹಾಳೆ ಬೇಕು. ತಿಂಗಳ ಕೊನೆಯಲ್ಲಿ ನೆನಪಿನಿಂದ ಬರೆದದ್ದು ಲೆಕ್ಕ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ಕಾನೂನು ಬಿಡಿಸಿ ಹೇಳದ ಹೊರತು ಕೇಂದ್ರದ ಇನ್ನೊಂದು ಅನುದಾನವನ್ನು ಊರಿನ ಪಾಲೆಂದು ತೋರಿಸುವಂತಿಲ್ಲ. ರಾಜ್ಯದ ಸ್ವಂತ ನಿಧಿಯ ಅನುದಾನವನ್ನು ತೋರಿಸಬಹುದೇ ಎಂದು ಇಲಾಖೆಯ ಅಧಿಕಾರಿಯನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಕಡತದಲ್ಲಿಡಿ.

ಹೆಚ್ಚಿನ ಕಡೆ ಹಣ ಬರುವುದು ಮರುಪಾವತಿಯಾಗಿ. ಗುತ್ತಿಗೆದಾರನಿಗೆ ಊರು ಮೊದಲು ಪಾವತಿಸಿ, ರಸೀದಿಗಳನ್ನು ಕಳಿಸಿ, ಆಮೇಲೆ ಪಡೆಯಬೇಕು. ಮೂರು ನಾಲ್ಕು ತಿಂಗಳು ಆ ಮೊತ್ತವನ್ನು ಹೊರುವ ಶಕ್ತಿ ಊರಿನ ಖಜಾನೆಗೆ ಇದೆಯೇ ಎಂದು ಖಜಾಂಚಿಯೊಡನೆ ಕುಳಿತು ನೋಡಿಕೊಳ್ಳಿ.

ಅರ್ಜಿಯಿಂದ ಒಪ್ಪಂದದವರೆಗೆ

ಅರ್ಜಿಗೆ ಮೊದಲು ಊರಿನ ಆಡಳಿತ ಕೇಂದ್ರ ಸರ್ಕಾರದ ನೋಂದಣಿ ಜಾಲತಾಣವಾದ ಸ್ಯಾಮ್ ಡಾಟ್ ಗವ್‌ನಲ್ಲಿ (SAM.gov) ವಿಶಿಷ್ಟ ಗುರುತಿನ ಸಂಖ್ಯೆ ಪಡೆದಿರಬೇಕು. ಇದಕ್ಕೆ ಮೊದಲು ಗುರುತಿಗೆ ಬಳಸುತ್ತಿದ್ದ ಡನ್ಸ್ (DUNS) ಸಂಖ್ಯೆ 2022ರ ಏಪ್ರಿಲಿನಿಂದ ನಡೆಯುವುದಿಲ್ಲ. ಕೊನೆಯ ವಾರಕ್ಕೆ ಇದನ್ನು ಉಳಿಸಿಕೊಳ್ಳಬೇಡಿ. ಬಳಿಕ ರಾಜ್ಯದ ಅನುದಾನ ಅಧಿಕಾರಿಯನ್ನು ಜಾಗಕ್ಕೆ ಕರೆಸಿ, ದಡದಲ್ಲಿ ನಡೆದಾಡಿಸಿ. ಕಾಗದದ ಮೇಲೆ ಹತ್ತು ಪುಟದಲ್ಲಿ ಹೇಳಲಾಗದ್ದನ್ನು ಅವರು ಅರ್ಧ ಗಂಟೆಯಲ್ಲಿ ಕಾಣುತ್ತಾರೆ, ನಕ್ಷೆಯ ತಪ್ಪನ್ನೂ ಆಗಲೇ ಹೇಳುತ್ತಾರೆ. ನಮ್ಮ ಎರಡನೆಯ ಅರ್ಜಿ ಗಟ್ಟಿಯಾದದ್ದು ಅಂಥ ಒಂದು ಭೇಟಿಯಿಂದ.

ಅಂಕಗಳ ಪಟ್ಟಿಯನ್ನು ರಾಜ್ಯವೇ ಪ್ರಕಟಿಸಿದ್ದರೆ ಆ ಕ್ರಮದಲ್ಲಿಯೇ, ಅದೇ ಶೀರ್ಷಿಕೆಗಳ ಕೆಳಗೆ ಉತ್ತರ ಬರೆಯಿರಿ. ಎಣಿಕೆಯ ಹಾಳೆಗಳನ್ನು ಅನುಬಂಧದಲ್ಲಿ ಇಡಿ. ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಕೆಲಸ ಶುರುಮಾಡಬೇಡಿ. ಮೊದಲೇ ಲಿಖಿತ ಒಪ್ಪಿಗೆ ಇಲ್ಲದೆ ಮಾಡಿದ ಖರ್ಚು ನಿಮ್ಮ ತಲೆಗೇ ಬರುತ್ತದೆ. ಟೆಂಡರ್ ಕರೆಯುವಾಗ 2021ರ ಕಾಯ್ದೆಯಂತೆ ಉಕ್ಕು, ಕಬ್ಬಿಣ ಮತ್ತು ಕಟ್ಟಡ ಸಾಮಗ್ರಿ ಅಮೆರಿಕದಲ್ಲಿ ತಯಾರಾದದ್ದೇ ಆಗಬೇಕೆಂಬ ಷರತ್ತು ನಿಮ್ಮ ಯೋಜನೆಗೆ ಅನ್ವಯಿಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೊರದೇಶದ ತೇಲುಪಿಯರಿಗೆ ಕಡಿಮೆ ದರ ಕಂಡು ಆಸೆಪಟ್ಟು, ಕೊನೆಗೆ ಆ ಬಿಲ್ಲು ತಿರಸ್ಕೃತವಾದರೆ ಊರಿನ ಮಂಡಳಿಗೆ ಉತ್ತರ ಹೇಳಬೇಕಾದವರು ನೀವು.

ಕಟ್ಟಿದ ಮೇಲೆ

ಪ್ರವೇಶ ಶುಲ್ಕ ವಸೂಲಿ ಮಾಡಬಹುದು, ಅದು ಮಿತವಾಗಿರಬೇಕು, ಯಾವುದಕ್ಕೆ ಬಳಸುತ್ತೀರಿ ಎಂಬುದು ಒಪ್ಪಂದದಲ್ಲಿರಬೇಕು. ಊರಿನವರಿಗಷ್ಟೇ ಬಾಗಿಲು ತೆರೆದು ಹೊರಗಿನವರನ್ನು ತಡೆಯುವಂತಿಲ್ಲ. ಸುಂಕ ಕಟ್ಟಿದವರು ಎಲ್ಲ ಊರಿನವರು. ನಮ್ಮ ಮಂಡಳಿಯಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಮನಸ್ಸು ಬದಲಾಯಿಸಿದ್ದು ಎಣಿಕೆಯ ಹಾಳೆ: ಅಕ್ಕಪಕ್ಕದ ಊರುಗಳ ರ‍್ಯಾಂಪುಗಳನ್ನು ನಮ್ಮವರೂ ಅಷ್ಟೇ ಬಳಸುತ್ತಿದ್ದರು.

ನಿರ್ವಹಣೆಯ ಯೋಜನೆಯನ್ನು ಅರ್ಜಿಯಲ್ಲಿ ಬರೆದ ಹಾಗೆಯೇ ಊರಿನ ವಾರ್ಷಿಕ ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲಾಗಿ ಸೇರಿಸಿ. 'ಉದ್ಯಾನ, ಇತರೆ' ಎಂಬ ಸಾಲಿನಲ್ಲಿ ಕಲೆತ ಹಣ ಹುಲ್ಲು ಕತ್ತರಿಸುವುದರಲ್ಲೇ ಮುಗಿದುಹೋಗುತ್ತದೆ. ಹೊರಡುವ ದೋಣಿಗಳಿಗೆ ಅಂಟಿದ ಜೊಂಡು, ಕೆರೆಯಿಂದ ಕೆರೆಗೆ ಹರಡಿ ಕಾಡುವ ಝೀಬ್ರಾ ಚಿಪ್ಪುಜೀವಿಗಳನ್ನು ಕಿತ್ತು ತೊಳೆಯಲು ನೀರಿನ ವ್ಯವಸ್ಥೆಯಿದ್ದರೆ ಅದಕ್ಕೂ ವರ್ಷವರ್ಷ ಖರ್ಚಿದೆ. ನಮ್ಮಲ್ಲಿ ಹಿಮ ಕರಗಿದ ಮೊದಲ ವಾರ ಇಬ್ಬರು ಎತ್ತರದ ರಬ್ಬರು ಬೂಟು ಹಾಕಿಕೊಂಡು ರ‍್ಯಾಂಪಿನ ತುದಿಯವರೆಗೆ ಇಳಿಯುತ್ತಾರೆ. ಅಡಿಗಳನ್ನು ಗುರುತು ಮಾಡಿದ ಬಿದಿರುಗಳುವನ್ನು ತುದಿಯಾಚೆ ಮೂರು ಕಡೆ ಊರಿ ಆಳ ಅಳೆಯುತ್ತಾರೆ, ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲಿ ಬರೆಯುತ್ತಾರೆ. ಅರ್ಧ ಅಡಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ, ಮೀನು ಮೊಟ್ಟೆಯಿಡುವ ಕಾಲದ ತಡೆ ಶುರುವಾಗುವ ಮುನ್ನ, ನಿರ್ವಹಣೆಯ ಅನುಮತಿ ಜಾರಿಯಲ್ಲಿದೆಯೇ ಎಂದು ನೋಡಿಕೊಂಡು, ಒಂದು ಲಾರಿ ಕಲ್ಲು ತರಿಸುತ್ತೇವೆ.